ಅಕ್ಕನ ಖಾನಾವಳಿಯ ಮೊದಲ ತಾಟು

ಅಕ್ಕನ ಫೋನು ಬಂದಾಗ ನಾನು ಬಿಜ್ಜರಗಿಯ ನಮ್ಮ ದ್ರಾಕ್ಷಿ ಪಡದಲ್ಲಿ ಗೊಂಚಲು ತಿದ್ದುತ್ತ ನಿಂತಿದ್ದೆ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು "ಹೇಳಕ್ಕಾ" ಎಂದೆ. ಆಕೆಗೆ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

"ನಾಳಿ ಮುಂಜಾನಿ ಬಸ್ಸಿಗೆ ಬಂದಬಿಡು. ಇಲ್ಲಾ ಅನಬ್ಯಾಡ. ಮತ್ತ ಹೊಟ್ಟಿ ಹಸದ ಬಾ, ಹಾದ್ಯಾಗ ಏನೂ ತಿನಬ್ಯಾಡ ನೋಡ."

"ಯಾಕ, ಏನ ಐತಿ?"

"ಬಾ ಅಂದ್ರ ಬಾ. ಬಂದ ಮ್ಯಾಲ ಹೇಳ್ತೀನಿ."

ಅಷ್ಟೇ, ಫೋನು ಕಟ್ಟಾಯಿತು. ಆಮೇಲೆ ಆ ದಿನ ನಾನು ತಿದ್ದಿದ ಗೊಂಚಲುಗಳು ಹೇಗಿದ್ದವೋ ದೇವರಿಗೇ ಗೊತ್ತು. ಕೈ ಬಳ್ಳಿಯ ಮೇಲಿತ್ತು, ಮನಸ್ಸು ಆಗಲೇ ವಿಜಯಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿತ್ತು.

ಬೆಂಗಳೂರು, ಪುಣೆ ನೋಡಿದವರು ನಗಬಹುದು, ನಗಲಿ. ನಮಗೆ ದೊಡ್ಡ ಶಹರವೆಂದರೆ ವಿಜಯಪುರವೇ. ಬೋರ್ಡಿನ ಮೇಲೆ ಹೆಸರು ಬದಲಾದರೂ ಅವ್ವನ ಬಾಯಲ್ಲಿ ಅದಿನ್ನೂ ಬಿಜಾಪುರ. ಉಳಿದವರು ಅಲ್ಲಿಗೆ ಕೋರ್ಟಿಗೆ, ದವಾಖಾನೆಗೆ, ಸೀರೆ ಖರೀದಿಗೆ ಹೋಗುತ್ತಾರೆ. ನಾನು ಉಣ್ಣಲು ಹೋಗುತ್ತೇನೆ. ಅಕ್ಕ ಮದುವೆಯಾಗಿ ಆ ಊರಿಗೆ ಹೋದಾಗಿನಿಂದ ಅದು ನನ್ನ ಪಾಲಿಗೆ ಊಟದ ಊರು. ತಿನ್ನುವ ವಿಷಯದಲ್ಲಿ ನನಗೆ ನಾಚಿಕೆ ಕಡಿಮೆ. ಮದುವೆ ಮನೆಯ ಪಂಕ್ತಿಯಲ್ಲಿ ಹೆಂಗಸರು ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುವಾಗ ನಾನು ಎಲೆಯನ್ನು ಮುಂದೆ ಸರಿಸುವವಳು. "ನಿನ್ನ ಹಡದಾಗ ಸೂಲಗಿತ್ತಿ ನಿನ್ನ ಬಾಯಾಗ ಜೇನ ಹಾಕಲಿಲ್ಲ, ಹುಗ್ಗಿ ಹಾಕ್ಯಾಳ" ಎಂದು ಅವ್ವ ಇಂದಿಗೂ ಆಡಿಕೊಳ್ಳುತ್ತಾಳೆ.

ನಮ್ಮ ಮನೆಯಲ್ಲಿ ಗಂಡುಮಕ್ಕಳಿಲ್ಲ, ನಾವಿಬ್ಬರೇ ಹೆಣ್ಣುಮಕ್ಕಳು. ಅಪ್ಪ ತೀರಿಕೊಂಡ ಮೇಲೆ ಹೊಲ ನೋಡಿಕೊಳ್ಳಲು ನಾನು ಊರಲ್ಲೇ ಉಳಿದೆ, ಗಂಡ ಮನೆ ಅಳಿಯನಾಗಿ ಬಂದರು. ಹೀಗಾಗಿ ಪಂಚಮಿಗೆ ಅಕ್ಕನನ್ನು ಕರೆಯಲು ಹೋಗುವ ಅಣ್ಣನೂ ನಾನೇ, ಉಡಿಗೆ ಸೀರೆ ಕೊಡುವ ತಮ್ಮನೂ ನಾನೇ. ಅವ್ವನಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಅಕ್ಕನ ಪಾಲಿಗೆ ತವರು ಎಂದರೆ ಬಸ್ಸಿನಿಂದ ಇಳಿಯುವ ನಾನು ಮತ್ತು ನನ್ನ ಕೈಯಲ್ಲಿರುವ ಬುತ್ತಿ.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಅವ್ವ ಬುತ್ತಿ ಕಟ್ಟಿಟ್ಟಿದ್ದಳು. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು, ಎಲ್ಲ ಸೇರಿಸಿ ಬಿಳಿ ಬಟ್ಟೆಯ ಗಂಟು. "ಹಾದ್ಯಾಗ ಬಿಚ್ಚೀಯ ಮತ್ತ" ಎಂದು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು. ಹೊಟ್ಟೆ ಹಸಿದು ಬಾ ಎಂದು ಅಕ್ಕ ಹೇಳಿದ್ದಳಲ್ಲ, ನಾನು ಬರೀ ಚಹಾ ಕುಡಿದು ಹೊರಟೆ. ಅಷ್ಟರಮಟ್ಟಿಗೆ ನಾನು ಮಾತಿಗೆ ತಪ್ಪುವವಳಲ್ಲ.

ಆದರೆ ನಡುವೆ ತಿಕೋಟಾ ಇದೆಯಲ್ಲ, ಏನು ಮಾಡುವುದು? ಅಲ್ಲಿ ಇಳಿದು ವಿಜಯಪುರದ ಬಸ್ಸು ಹಿಡಿಯಬೇಕು. ಬಸ್ಸಿಗೆ ಇನ್ನೂ ತಡವಿತ್ತು. ಚಳಿಗಾಲದ ಮುಂಜಾನೆ, ಸ್ಟ್ಯಾಂಡಿನ ಎದುರು ಕಾದ ಎಣ್ಣೆಗೆ ಮೆಣಸಿನಕಾಯಿ ಬಿಡುತ್ತಿದ್ದರು. ಆ ಚುಂಯ್ ಎಂಬ ಸದ್ದಿಗೆ ನನ್ನ ಕಾಲುಗಳು ತಾವಾಗಿಯೇ ರಸ್ತೆ ದಾಟಿದವು. ವಾಸನೆ ನೋಡಿ ಬರೋಣ ಎಂದುಕೊಂಡೇ ಹೋದೆ. ಒಂದು ಪ್ಲೇಟು ಮಿರ್ಚಿ ತಿಂದೆ. ಖಾರವಾಯಿತು. ಖಾರ ಇಳಿಸಲು ಒಂದು ಪ್ಲೇಟು ಸುಸಲಾ ಬೇಕಾಯಿತು. ನೆನೆಸಿದ ಚುರುಮುರಿಗೆ ಹುರಿಗಡಲೆಯ ಪುಟಾಣಿ ಹಿಟ್ಟು ಹಾಕಿದ ಸುಸಲಾ ಬಿಸಿಬಿಸಿ ಇದ್ದದ್ದರಿಂದ ಅದರ ಜೊತೆ ಮತ್ತೆ ಎರಡು ಮಿರ್ಚಿ ಬೇಕೇ ಆದವು. ವಿಜಯಪುರದಲ್ಲಿ ಇಳಿದಾಗ ಹೊಟ್ಟೆ ಭಾರ ಅನ್ನಿಸಿ, ಅದು ಹಗುರಾಗಲೆಂದು ಒಂದು ಗ್ಲಾಸು ಕಬ್ಬಿನ ಹಾಲು ಕುಡಿದೆ. ಅಕ್ಕನ ಮನೆಯ ಊಟಕ್ಕೆ ಇನ್ನೂ ಎರಡು ತಾಸು ಇರಬಹುದು, ಅಷ್ಟರಲ್ಲಿ ಎಲ್ಲ ಕರಗುತ್ತದೆ ಎಂಬ ಧೈರ್ಯ.

ಆಟೋ ಹಿಡಿದು ಸ್ಟೇಷನ್ ರಸ್ತೆಯ ಕಡೆ ಹೊರಟೆ. ಎಡಕ್ಕೂ ಬಲಕ್ಕೂ ಅಂಗಡಿಗಳು, ಹಾರ್ನು, ಬಾಳೆಹಣ್ಣಿನ ಗಾಡಿಗಳು, ಎಲ್ಲದರ ತಲೆಯ ಮೇಲೆ ಗೋಳಗುಮ್ಮಟ. ಎಷ್ಟು ಸಲ ಬಂದರೂ ಈ ಗದ್ದಲ ಕಂಡರೆ ನನಗೆ ಸಣ್ಣವಳ ಹಾಗೆ ಖುಷಿಯಾಗುತ್ತದೆ. ಆಟೋದವನು ದಾರಿಯುದ್ದಕ್ಕೂ ಮಾತಾಡುವ ಗಿರಾಕಿ. "ಯಕ್ಕಾರ, ಇಲ್ಲೆ ಸನೇದಾಗ ಬಿಸಿ ರೊಟ್ಟಿ ಎಲ್ಲಿ ಸಿಗತೈತ್ರಿ? ದಿನಾ ಪಾವ್ ತಿಂದ ತಿಂದ ಬ್ಯಾಸರ ಆಗೈತಿ" ಎಂದ. ನನಗೇನು ಗೊತ್ತು! "ಲಗ್ನಾ ಆಗ್ರಿ, ಸಿಗತೈತಿ" ಎಂದೆ. "ಆಗೇತ್ರಿ, ಅದಕ್ಕ ಕೇಳಾಕತ್ತೇನಿ" ಎಂದು ಅವನು ನಕ್ಕ.

ಅಕ್ಕನ ಮನೆಯ ಮುಂದೆ ಇಳಿದವಳು ಹಾಗೇ ನಿಂತುಬಿಟ್ಟೆ. ಮುಂದಿನ ಕೋಣೆಯ ಗೋಡೆ ಒಡೆದು ಶಟರ್ ಹಾಕಿದ್ದರು. ಶಟರಿನ ಮೇಲೆ ಮಾವಿನ ತೋರಣ, ಹೊಸ ಬೋರ್ಡಿನ ಮೇಲೆ ಅರಿಸಿನ ಕುಂಕುಮ. "ಖಾನಾವಳಿ, ಬಿಸಿ ಜೋಳದ ರೊಟ್ಟಿ ಊಟ" ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು. ಆಟೋದವನೂ ಅದನ್ನು ಓದಿ ನನ್ನ ಮುಖ ನೋಡಿದ. ಶಟರ್ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಅಕ್ಕ ಪಕ್ಕದ ಬಾಗಿಲಿನಿಂದ ಓಡಿ ಬಂದಳು. ಮೊಣಕೈವರೆಗೆ ಜೋಳದ ಹಿಟ್ಟು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಬುತ್ತಿಯ ಗಂಟು ಕಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಹಸದ ಬಂದೀ ಹೌದಲ್ಲ?" ಎಂದು ಕೇಳಿದಳು. ನಾನು ಬೋರ್ಡನ್ನೇ ನೋಡುತ್ತ "ಅಕ್ಕಾ! ಇದೆಲ್ಲಾ ಯಾವಾಗ?" ಎಂದೆ. ಖುಷಿಗೆ ನನಗೆ ಕುಣಿಯುವಂತಾಗಿತ್ತು. ಆಕೆಯ ಪ್ರಶ್ನೆಗೆ ಉತ್ತರ ಕೊಡುವುದು ಹಾಗೆಯೇ ಉಳಿಯಿತು.

ಅಕ್ಕ ಬಹಳ ವರ್ಷಗಳಿಂದ ಮನೆಯಲ್ಲೇ ಕಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಿದ್ದಳು. ಭಾವ ಒಂದು ಆಫೀಸಿನಲ್ಲಿ ಗುಮಾಸ್ತ, ಸಂಸಾರ ನಡೆಯುತ್ತಿತ್ತು, ಕೊರತೆ ಏನಿರಲಿಲ್ಲ. ಆದರೂ ರೊಟ್ಟಿಯ ಕಟ್ಟು ಕಟ್ಟಿ ಕಳಿಸಿದ ಮೇಲೆ ಆಕೆಗೆ ಒಂದು ತರಹ ಖಾಲಿ ಅನ್ನಿಸುತ್ತಿತ್ತಂತೆ. ಒಮ್ಮೆ ಪಂಚಮಿಗೆ ಬಂದಾಗ ಜೋಕಾಲಿಯ ಮೇಲೆ ಕೂತು ನನಗೆ ಹೇಳಿದ್ದಳು: "ಇಷ್ಟ ರೊಟ್ಟಿ ಬಡದೀನಿ, ತಿನ್ನೋರ ಮಾರಿ ಒಂದ ದಿನಾನೂ ನೋಡಿಲ್ಲ ನೋಡ. ಒಬ್ಬರರ ನನ್ನ ಮುಂದ ಕುಂತ ಉಣಬೇಕು." ಆಗ ನಾನು "ನಾ ಉಣ್ಣೂದ ಸಾಲಂಗಿಲ್ಲೇನ?" ಎಂದು ನಕ್ಕು ಬಿಟ್ಟಿದ್ದೆ. ಆಕೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಗೋಡೆ ಒಡೆಯುವವರೆಗೆ ಬಂದಿದ್ದಳು.

ಹಾಗಾದರೆ ಶಟರ್ ಯಾಕೆ ಇಳಿದಿದೆ? ಒಳಗೆ ಹೋದಾಗ ಗೊತ್ತಾಯಿತು. ಹೊಸ ಟೇಬಲ್ಲು ಬೆಂಚುಗಳ ನಡುವೆ ಒಂದು ಕೌದಿ ಹಾಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಅಕ್ಕನ ಅತ್ತೆ ಕೂತಿದ್ದರು. ಬಬಲೇಶ್ವರದಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದರು. ಇಳಕಲ್ ಸೀರೆಯ ಸೆರಗು ತಲೆ ತುಂಬ, ಮೊಣಕಾಲ ಮೇಲೆ ಕೈ, ಮುಖದ ಮೇಲೆ ಒಂದು ಗೆರೆಯೂ ಅಲುಗದು. ಹೊಲ, ಮನೆ, ದನ ಎಲ್ಲವನ್ನೂ ಇಂದಿಗೂ ತಾವೇ ಆಳುವ ಹೆಂಗಸು. ಅವರ ಮಾತು ದಾಟಿ ಆ ಮನೆಯಲ್ಲಿ ಹುಲ್ಲುಕಡ್ಡಿಯೂ ಆಚೆ ಈಚೆ ಆಗುವುದಿಲ್ಲ.

"ಬಾರವ್ವಾ ತವರಿನಾಕಿ" ಎಂದರು. "ನಿಮ್ಮ ಅಕ್ಕ ಅನ್ನಾ ಮಾರತಾಳಂತ. ರೊಟ್ಟಿ ಕಟ್ಟಿ ಅಂಗಡಿಗಿ ಕೊಟ್ಟಳು, ಹೋಗ್ಲಿ ಅಂದೆ. ಈಗ ತಾಟ ಹಾಕಿ, ಉಂಡ ಎದ್ದವನ ಹಂತ್ಯಾಕ ಕೈ ಚಾಚತಾಳಂತ. ನಮ್ಮವ್ವ ಬಾವಿ ಹಾದಿಗಿ ಹೋಗೋರನ್ನ ಕರದ ಕರದ ಉಣಸತಿದ್ದಳು. ಆಕಿ ಮಗಳ ಸೊಸಿ ಅನ್ನಾ ಮಾರಬೇಕಾ?"

ಬೈಗುಳದ ದನಿಯಲ್ಲ. ಅವರಿಗೆ ನಿಜಕ್ಕೂ ನೋವಾಗಿತ್ತು, ಅದು ಕೇಳಿಸುತ್ತಿತ್ತು. ಅಕ್ಕ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಎರಡು ದಿನದಿಂದ ಫೋನಿನಲ್ಲಿ ಇದೇ ಹಗ್ಗಜಗ್ಗಾಟ ನಡೆದು, ಕೊನೆಗೆ ಅತ್ತೆಯೇ ಒಂದು ದಾರಿ ಹೇಳಿದ್ದರಂತೆ. ಅವರ ಮನೆತನದಲ್ಲಿ ಹೊಸ ಒಲೆ ಹೂಡಿದರೆ ಮೊದಲ ತಾಟು ಸೊಸೆಯ ತವರಿಗೆ. ತವರಿನವರು ಕೂತು, ಹೊಟ್ಟೆ ತುಂಬ ಉಂಡು, ತೃಪ್ತಿಯಿಂದ ಎದ್ದರೆ ಆ ಒಲೆ ಅನ್ನ ನೀಡುವ ಒಲೆ. ಆಮೇಲೆ ಯಾರು ಏನು ಕೊಟ್ಟರೂ ಅದು ಮಾರಾಟವಲ್ಲ. ತವರಿನವರು ತಾಟಿನಲ್ಲಿ ಬಿಟ್ಟು ಎದ್ದರೆ ಮಾತ್ರ ಆ ಒಲೆಯ ಅನ್ನ ಹೊರಗಿನವರಿಗೆ ಹೋಗಬಾರದು. ಇದನ್ನು ಕೇಳಿ ಅಕ್ಕನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಗಿತ್ತು. ತವರಿನಿಂದ ಬರುವವಳು ನಾನು. ನಾನು ತಾಟಿನಲ್ಲಿ ಬಿಟ್ಟು ಎದ್ದದ್ದನ್ನು ಹುಟ್ಟಿದಾಗಿನಿಂದ ಯಾರೂ ನೋಡಿಲ್ಲ.

"ಬಾ, ಕೈ ತೊಳಕೊ. ಎಲ್ಲಾ ತಯಾರ ಐತಿ" ಎಂದಳು ಅಕ್ಕ. ಕಣ್ಣಲ್ಲಿ ಮಿಂಚು.

ಎರಡು ತಾಸು ಎಲ್ಲಿ, ಎರಡು ನಿಮಿಷವೂ ಇಲ್ಲ! ತೊಟ್ಟಿಯ ಹತ್ತಿರ ಕೈ ತೊಳೆಯುತ್ತ ನಾನು ಹೊಟ್ಟೆ ಒತ್ತಿ ನೋಡಿಕೊಂಡೆ. ನಗಾರಿಯ ಹಾಗಿತ್ತು. ಮಿರ್ಚಿ, ಸುಸಲಾ, ಕಬ್ಬಿನ ಹಾಲು ಮೂರೂ ಒಳಗೆ ಪಂಚಾಯ್ತಿ ಕೂತಿದ್ದವು. ಸಣ್ಣದೊಂದು ತೇಗು ಬಂತು. ಸೆರಗಿನಿಂದ ಬಾಯಿ ಮುಚ್ಚಿ ನುಂಗಿಕೊಂಡೆ.

ತಾಟು ಬಂತು. ಅದನ್ನು ನೆನೆದರೆ ಈಗಲೂ ನನ್ನ ಬಾಯಲ್ಲಿ ನೀರೂರುತ್ತದೆ. ನಡುವೆ ಎಣಗಾಯಿ, ಶೇಂಗಾ ಗುರೆಳ್ಳು ತುಂಬಿದ ಸಣ್ಣ ಬದನೆಕಾಯಿಗಳು ಎಣ್ಣೆಯಲ್ಲಿ ಮಿಂಚುತ್ತಿದ್ದವು. ಪಕ್ಕದಲ್ಲಿ ಮಡಕಿಕಾಳಿನ ಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಯ, ಕಡಲೆಹಿಟ್ಟು ಬೇಯಿಸಿ ಚೌಕಾಕಾರ ಕತ್ತರಿಸಿದ ಜುಣಕದ ವಡೆ. ಅಂಚಿಗೆ ಅಗಸಿ ಚಟ್ನಿ, ಕೆಂಪು ಖಾರ, ಅವ್ವ ಕಳಿಸಿದ ಗುರೆಳ್ಳು ಚಟ್ನಿ, ಅವ್ವನದೇ ಮೊಸರು. ಹಸಿ ಮೆಂತ್ಯ, ಉಳ್ಳಾಗಡ್ಡಿ, ಸೌತೆಕಾಯಿ. ಬಟ್ಟಲಲ್ಲಿ ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ. ಎಲ್ಲಕ್ಕೂ ಕೊನೆಗೆ ಅಕ್ಕ ಹಂಚಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ತಂದು ಹಾಕಿದಳು. ಉಬ್ಬಿದ ರೊಟ್ಟಿ ತಾಟಿಗೆ ಬಿದ್ದು ಉಸ್ ಎಂದು ಉಸಿರು ಬಿಟ್ಟಿತು.

ಮೊದಲ ತುತ್ತು ಬಾಯಿಗಿಟ್ಟ ಮೇಲೆ ತಿಕೋಟಾ ಮರೆತೇಹೋಯಿತು. ಎಣಗಾಯಿ ನಾಲಿಗೆ ಮೇಲೆ ತಾನಾಗಿ ಕರಗಿತು. ನಮ್ಮವ್ವನ ಕೈರುಚಿ ಹೌದು, ಆದರೆ ಅದಕ್ಕೆ ಅಕ್ಕ ಏನೋ ಸೇರಿಸಿದ್ದಳು, ಒಂದಿಷ್ಟು ಹುಳಿ, ಒಂದಿಷ್ಟು ಸೊಕ್ಕು. ಒಂದು ರೊಟ್ಟಿ ಮುಗಿಯಿತು. ಎರಡನೆಯದು ಬಂತು, ಅದೂ ಮುಗಿಯಿತು, ಎಣಗಾಯಿಯೂ ಖಾಲಿ. ಅಡುಗೆಮನೆಯ ಬಾಗಿಲಿಗೆ ಒರಗಿ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅಗಿದರೆ ಆಕೆಯ ದವಡೆಯೂ ಅಲುಗುತ್ತಿತ್ತು.

ಮೂರನೆಯ ರೊಟ್ಟಿ ತಾಟಿಗೆ ಬಿದ್ದಾಗ ನನ್ನ ಕೈ ನಿಂತಿತು. ಬಾಯಿಯ ಕಡೆ ಜಗ್ಗಿದೆ, ಕೈ ಬರಲಿಲ್ಲ. ಹುಗ್ಗಿ ಮುಟ್ಟಿಲ್ಲ, ಪಲ್ಯ ಹಾಗೇ ಇದೆ, ಜುಣಕ ನನ್ನನ್ನೇ ನೋಡುತ್ತಿದೆ. ಒಂದು ಚೂರು ಮುರಿದು ಚಟ್ನಿಯಲ್ಲಿ ಅದ್ದಿ ಅದ್ದಿ ಕಾಲ ಕಳೆದೆ. ಆ ಮಿರ್ಚಿಯವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗಿದ್ದರೆ ಅವನ ಜಾಲರಿ ಕಸಿದು ಅವನ ತಲೆಗೇ ಕುಕ್ಕುತ್ತಿದ್ದೆ. ತಿಂದವಳು ನಾನು, ಬೈಸಿಕೊಂಡವನು ಅವನು.

"ಯಾಕವ್ವಾ, ಕೈ ನಿಂತೈತಿ?" ಅತ್ತೆಯ ದನಿ.

ಅಕ್ಕನ ಮುಖ ನೋಡಿದೆ. ನೋಡಬಾರದಿತ್ತು. ರುಚಿ ಕೆಟ್ಟಿದೆಯೇ, ಉಪ್ಪು ಹೆಚ್ಚಾಯಿತೇ, ರೊಟ್ಟಿ ಬಿರುಸಾಯಿತೇ ಎಂದು ಆಕೆ ಒಂದೊಂದೇ ಬಟ್ಟಲನ್ನು ಕಣ್ಣಿನಿಂದ ತಡಕಾಡುತ್ತಿದ್ದಳು. ಹಿಟ್ಟಿನ ಕೈ ಎದೆಯ ಮೇಲೆ ಮುಷ್ಟಿ ಕಟ್ಟಿತ್ತು. ಇಷ್ಟು ವರ್ಷ ಕಾದು, ತಿನ್ನುವವರ ಮೊದಲ ಮುಖ ನೋಡುತ್ತಿದ್ದಾಳೆ, ಆ ಮುಖ ಹೀಗೆ ಹುಳ್ಳಗೆ! ನನಗೆ ತಡೆಯಲಾಗಲಿಲ್ಲ.

"ಅಡಗಿದೇನೂ ತಪ್ಪಿಲ್ರಿ ಅತ್ತಿ. ತಪ್ಪ ನಂದ. ತಿಕೋಟಾದಾಗ ಒಂದ ಪ್ಲೇಟ ಮಿರ್ಚಿ ತಿಂದೇನ್ರಿ."

"ಒಂದ ಪ್ಲೇಟಿಗಿ ಹಿಂಗ ಆಗೈತ್ಯಾ?"

"ಮ್ಯಾಲ ಸುಸಲಾ ರೀ."

"ಮತ್ತ?"

"ಮತ್ತ ಎರಡ ಮಿರ್ಚಿ. ಇಲ್ಲೆ ಇಳದ ಮ್ಯಾಲ ಕಬ್ಬಿನ ಹಾಲ ರೀ."

ಅಕ್ಕ "ಹಸದ ಬಾ ಅಂತ ಹೇಳಿದ್ನಲ್ಲೇ!" ಎಂದಳು. ನನಗೆ ಭೂಮಿ ಬಾಯಿ ತೆರೆದರೆ ಸಾಕಿತ್ತು, ತಾಟಿನ ಸಮೇತ ಇಳಿದುಬಿಡುತ್ತಿದ್ದೆ.

ಅತ್ತೆ ಕೌದಿಯಿಂದ ಎದ್ದರು. ನಿಧಾನ ಬಂದು ನನ್ನ ತಾಟಿನ ಮೇಲೆ ಬಗ್ಗಿ, ಖಾಲಿಯಾದ ಎಣಗಾಯಿಯ ಜಾಗ ನೋಡಿದರು. ಎಣ್ಣೆಯನ್ನೂ ಬಿಡದೆ ರೊಟ್ಟಿಯಿಂದ ಒರೆಸಿ ತಿಂದಿದ್ದೆ. ತಾಟು ಅಲ್ಲಿ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

"ಹೊಟ್ಟಿ ತುಂಬಿದ ಮ್ಯಾಲ ಹುಗ್ಗಿ ಮುಳ್ಳು ಅಂತಾರ" ಎಂದರು. "ಈಕಿ ಕುತ್ತಿಗಿಮಟ ತುಂಬಿಸಿಕೊಂಡ ಬಂದು ಎರಡ ರೊಟ್ಟಿ ತಿಂದಾಳ, ತಾಟ ಬಳದಾಳ. ಹಂಗಾದ್ರ ಅದರಾಗ ಏನರ ಇರಬೇಕಲ್ಲ."

ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕದ ಬೆಂಚಿನ ಮೇಲೆಯೇ ಕೂತುಬಿಟ್ಟರು. "ನನಗೊಂದ ತಾಟ ಹಾಕು. ನಾನೂ ಬಬಲೇಶ್ವರದಿಂದ ಬರೇ ಚಾದ ಮ್ಯಾಲ ಬಂದೀನಿ. ಮಂದಿ ಹಸದ ಬರ್ತಾರಿಲ್ಲಿ, ಹಸದವರ ನಾಲಿಗಿ ಏನ ಅಂತೈತಿ ನೋಡೂನು. ಏ ತವರಿನಾಕಿ, ನೀ ಏಳಬ್ಯಾಡ. ನಾ ಮುಗಸೂತನಕ ಕುಂಡ್ರು. ಕುಂತಾಕಿ ತಾಟ ಬಿಟ್ಟ ಎದ್ದಾಳ ಅಂತ ಯಾರರ ಅಂತಾರೇನ?"

ಅಕ್ಕ ಓಡಿದಳು. ರೊಟ್ಟಿ ಬಡಿಯುವ ಸದ್ದು ಆ ದಿನದಷ್ಟು ಚಂದ ನನಗೆ ಎಂದೂ ಕೇಳಿಸಿಲ್ಲ, ಪಟಪಟಪಟ, ಮಗ್ಗದ ಲಾಳಿಯ ಹಾಗೆ. ಅತ್ತೆ ಒಂದು ರೊಟ್ಟಿ ಉಂಡರು. ಎರಡು ಉಂಡರು. ಮೂರನೆಯದಕ್ಕೆ ಜುಣಕ ಮುರಿದುಕೊಂಡು ನನ್ನ ಕಡೆ ಓರೆಗಣ್ಣಿನಿಂದ ನೋಡಿ "ಇದನ್ನ ತಿಂದಿಲ್ಲ ನೀ?" ಎಂದರು. ತಿಂದು ನೋಡಿದೆ. ಏನು ಹೇಳಲಿ, ಹಸಿದವರ ಪಕ್ಕ ಕೂತರೆ ಹಸಿವೂ ಅಂಟುತ್ತದೆ. ಜುಣಕ ಒಳಗೆ ಹೋಯಿತು, ಅದರ ಹಿಂದೆ ಪಲ್ಯ ಹೋಯಿತು, ಮೂರನೆಯ ರೊಟ್ಟಿಯೂ ಹೋಯಿತು. ಹುಗ್ಗಿ ಕೊನೆಗೆ ಮುಳ್ಳಾಗಲೇ ಇಲ್ಲ. ನಾವಿಬ್ಬರೂ ಬೆರಳು ನೆಕ್ಕುತ್ತ ಒಟ್ಟಿಗೇ ಎದ್ದೆವು. ಎರಡೂ ತಾಟು ಖಾಲಿ.

"ಏನ ನಿಂತ ನೋಡಾಕತ್ತೀರಿ? ಶಟರ ಎತ್ತರಿ" ಎಂದರು ಅತ್ತೆ.

ಹೊಸ ಶಟರ್ ಬಿಗಿಯಾಗಿತ್ತು. ಮೂವರೂ ಕೈ ಹಾಕಿ ಮೇಲಕ್ಕೆ ದೂಡಿದೆವು. ಗಡಗಡ ಎಂದು ಅದು ಏರಿದ ಹಾಗೆ ಬಿಸಿಲು ಟೇಬಲ್ಲುಗಳ ಮೇಲೆ ಬಿತ್ತು. ಹೊರಗೆ ನನ್ನನ್ನು ಇಳಿಸಿ ಹೋದ ಅದೇ ಆಟೋದವನು ಗಾಡಿ ನಿಲ್ಲಿಸಿಕೊಂಡು ಕಾದಿದ್ದ. ಒಂದು ಸುತ್ತು ಬಾಡಿಗೆ ಮುಗಿಸಿ ಬೋರ್ಡಿನ ನೆನಪಿಗೆ ತಿರುಗಿ ಬಂದಿದ್ದ.

"ಊಟ ಐತೇನ್ರಿ?" ಎಂದ.

ಇದೊಂದು ಪ್ರಶ್ನೆಗಾಗಿ ಗೋಡೆ ಒಡೆಸಿದ ಅಕ್ಕ, ಈಗ ಅದು ಎದುರಿಗೆ ಬಂದು ನಿಂತಾಗ ಉತ್ತರ ಮರೆತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಹೋದರು.

"ಐತ್ರಿ, ಬರ್ರಿ ಒಳಗ. ಕೈಕಾಲ ತೊಳಕೋರಿ, ನೀರ ಅಲ್ಲೈತಿ."

ಅವರ ಅವ್ವ ಬಾವಿಯ ದಾರಿಯಲ್ಲಿ ಹೋಗುವವರನ್ನು ಹೀಗೆಯೇ ಕರೆಯುತ್ತಿದ್ದಿರಬೇಕು. ದನಿಯಲ್ಲಿ ಅಂಗಡಿ ಇರಲಿಲ್ಲ, ಮನೆ ಇತ್ತು. ಹೇಳಿದ ಮೇಲೆ ಅವರಿಗೂ ಅದು ತಿಳಿಯಿತೋ ಏನೋ, ಒಂದು ಗಳಿಗೆ ಹೊಸ್ತಿಲಲ್ಲೇ ನಿಂತು, ಆಮೇಲೆ ತಾವೇ ತಂಬಿಗೆ ತುಂಬಲು ಹೋದರು.

ಆಟೋದವನು ಕೂತ. ಅಕ್ಕ ತಾಟು ಇಟ್ಟು, ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕಿ, ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವನು ರೊಟ್ಟಿ ಮುರಿದ, ಎಣಗಾಯಿ ಸೇರಿಸಿದ, ಬಾಯಿಗಿಟ್ಟ. ದಾರಿಯುದ್ದಕ್ಕೂ ಬಾಯಿ ಮುಚ್ಚದ ಮನುಷ್ಯ ಕಣ್ಣು ಮುಚ್ಚಿ ಅಗಿದ.

"ರೊಟ್ಟಿ ಹೊತ್ತಾಕತ್ತೈತಿ ನೋಡ ಬೇ!" ಎಂದು ಅತ್ತೆ ಒಳಗಿನಿಂದ ಕೂಗಿದರು.

"ಹೊತ್ತಲಿ ಬಿಡ್ರಿ ಅತ್ತಿ, ಒಂದ ರೊಟ್ಟಿ" ಎಂದಳು ಅಕ್ಕ. ಕದಲಲಿಲ್ಲ. ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಹಿಟ್ಟಿನ ಕೈಯಿಂದ ಒರೆಸಿಕೊಳ್ಳುತ್ತ ಅವನ ಮುಖವನ್ನೇ ನೋಡುತ್ತಿದ್ದಳು.

ಆ ಹೊತ್ತಿದ ರೊಟ್ಟಿಯನ್ನು ನಾನೇ ತಿಂದೆ.